ಅಪ್ಪನ ಪದ, ಅಮ್ಮನ ಪದ

“ಅಪ್ಪನ ಪದದಿಂದ ಆಸ್ತಿ, ಅಮ್ಮನ ಪದದಿಂದ ಮದುವೆ. ಅದ್ಯಾಕೆ ಟೀಚರ್ ಹಂಗೆ?”

ಪಕ್ಕದಲ್ಲಿ ಕೂತಿದ್ದ ಜಯಮ್ಮ ಎದ್ದು ಕೇಳಿದಾಗ ತರಗತಿಯೆಲ್ಲ ನಕ್ಕಿತು. ಐವತ್ತರ ದಶಕ, ರಾಜಾಜಿನಗರದ ನಮ್ಮ ಹೈಸ್ಕೂಲು. ಟೀಚರ್ ದಿನಕ್ಕೊಂದು ಲ್ಯಾಟಿನ್ ಮೂಲ ಹೇಳಿ, ಅದರಿಂದ ಹುಟ್ಟಿದ ಇಂಗ್ಲಿಷ್ ಪದಗಳನ್ನು ಕಲಿಸುತ್ತಿದ್ದರು. ಅಂದು ತಂದೆ ಎಂಬರ್ಥದ ‘ಪಾಟೆರ್’ನಿಂದ ಪ್ಯಾಟ್ರಿಮನಿ, ಅಂದರೆ ಪಿತ್ರಾರ್ಜಿತ ಆಸ್ತಿ; ತಾಯಿ ಎಂಬರ್ಥದ ‘ಮಾಟೆರ್’ನಿಂದ ಮ್ಯಾಟ್ರಿಮನಿ, ಅಂದರೆ ಮದುವೆ, ಬಂದಿದ್ದವು.

“ಅದು ಹಂಗೇ ಕಣೇ, ಬರ್ಕೋ” ಎಂದರು ಟೀಚರ್.

ಜಯಮ್ಮ ಬರೆದುಕೊಳ್ಳಲಿಲ್ಲ. ಕೂತು ನನ್ನ ಕಿವಿಯಲ್ಲಿ ಹೇಳಿದಳು: “ಮೂಡಲಪಾಳ್ಯದ ಹೊಲ ಅಣ್ಣಂಗಂತೆ. ನಂಗೆ ಬರೋ ವಾರ ಮದುವೆ. ಪರೀಕ್ಷೆ ಬರೆಯಕ್ಕೂ ಬಿಡಲ್ವಂತೆ ಕಣೇ.” ನಾನು ಎರಡೂ ಪದಗಳನ್ನು ಬರೆದುಕೊಂಡೆ. ಮತ್ತೆ ಅವಳು ಶಾಲೆಗೆ ಬರಲಿಲ್ಲ.

ಪ್ರತಿಯೊಂದನ್ನೂ ಅದರದರ ಜಾಗದಲ್ಲಿಡುವ ಶಿಸ್ತು ನನ್ನದು. ಆ ಎರಡು ಪದಗಳನ್ನು ಮಾತ್ರ ಎಲ್ಲಿಡಬೇಕೆಂದು ಇವತ್ತಿಗೂ ಗೊತ್ತಾಗಿಲ್ಲ.