ತಡವಾದರೂ ಪರವಾಗಿಲ್ಲ ಎಂದವಳು

ಭಾನುವಾರ ನಾನು ಫೋನು ಎತ್ತುವುದಿಲ್ಲ. ವಾರವಿಡೀ ಹೊಸಪೇಟೆಯ ಕೋರ್ಟಿನಲ್ಲಿ ನಿಂತು ನಿಂತು ಕಾಲುಗಳು ಊದಿಕೊಂಡಿರುತ್ತವೆ, ಮಾತಾಡಿ ಗಂಟಲೂ ಬತ್ತಿರುತ್ತದೆ. ಆದರೂ ಆ ಭಾನುವಾರ ಕಂಪ್ಲಿಯಿಂದ ಅತ್ತಿಗೆ ಮೇಲಿಂದ ಮೇಲೆ ಫೋನು ಮಾಡಿದರು. ಸುಮ್ಮಸುಮ್ಮನೆ ಮಾಡುವವರಲ್ಲ.

“ನೀವಾ ಬಂದು ನಿಮ್ಮ ಅಣ್ಣಗ ಹೇಳ್ರಿ. ನನ್ನ ಮಾತು ಕೇಳವಲ್ರು. ಹುಡುಗಿ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ.”

ವಿಷಯ ನನಗೆ ಗೊತ್ತಿತ್ತು. ಅಣ್ಣನ ಮಗಳಿಗೆ ಹುಬ್ಬಳ್ಳಿಯಲ್ಲಿ ಐದು ವರ್ಷದ ಲಾ ಸೀಟು ಸಿಕ್ಕಿತ್ತು, ಪಿಯುಸಿ ಆದ ಕೂಡಲೇ ಸೇರುವಂಥದ್ದು. ಬುಧವಾರದೊಳಗೆ ಹೋಗಿ ಸೇರದಿದ್ದರೆ ಅದು ಬೇರೆಯವರ ಪಾಲು. ಅಣ್ಣ ಬೇಡ ಎಂದಿದ್ದ. ಮನೆ ಹತ್ತಿರವೇ ಬಿ.ಕಾಂ ಮಾಡಲಿ, ಲಾ ಆಮೇಲೆ ನೋಡೋಣ ಎಂದು ಹಟ ಹಿಡಿದಿದ್ದ.

ಬಸ್ಸಿನ ತುಂಬ ಹಂಪಿ ನೋಡುವವರು. ಅವರು ಕಮಲಾಪುರದಲ್ಲಿ ಇಳಿದ ಮೇಲೆಯೇ ನನಗೆ ಕೂರಲು ಜಾಗ ಸಿಕ್ಕಿದ್ದು. ಕೂತವಳಿಗೆ ಮತ್ತೆ ಏಳುವುದೇ ಬೇಡ ಅನಿಸಿತು. ವಾರವೆಲ್ಲ ಬೇರೆಯವರ ಮನೆಯ ಜಗಳ, ಭಾನುವಾರ ನಮ್ಮದು.

ಅಣ್ಣ ಭತ್ತ ಕೊಯ್ಯುವ ಮಷೀನಿನ ಡ್ರೈವರು. ಕೊಯ್ಲು ಇಲ್ಲದ ದಿನಗಳು, ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿದವನೇ, “ಬಾರಲೇ ವಕೀಲಮ್ಮ. ನನ್ನ ಮ್ಯಾಲೆ ಕೇಸು ಹಾಕಾಕ ಬಂದ್ಯಾ?” ಎಂದ.

“ಮೊದಲು ನೀರು ಕೊಡು. ಕೇಸು ಆಮ್ಯಾಲೆ.”

“ಹಾಕು, ಹಾಕು. ನನ್ನ ಕಡೆ ಸಾಕ್ಷಿ ಯಾರು ಗೊತ್ತೇನು? ನೀನಾ!”

ನೀರಿನ ಚೊಂಬು ಹಿಡಿದುಕೊಂಡೇ ಅವನ ಮುಖ ನೋಡಿದೆ.

“ಹೋದ ವರ್ಷ ಇಲ್ಲೇ ಹೈಸ್ಕೂಲಿಗಿ ಬಂದು ಮೈಕಿನಾಗ ಏನಂದಿ? ಲಾ ಓದಾಕ ವಯಸ್ಸು ಅಡ್ಡ ಬರಂಗಿಲ್ಲ, ನಾ ಇಪ್ಪತ್ತೇಳಕ್ಕ ಸೇರಿದೆ, ಇವತ್ತು ಹೆಂಗ ನಿಂತೀನಿ ನೋಡ್ರಿ ಅಂದಿ. ಮುಂದಿನ ಸಾಲಿನಾಗ ಕುಂತಿದ್ದೆ ನಾನು. ಎಲ್ಲಾರಿಗಿಂತ ಜೋರ ಚಪ್ಪಾಳಿ ಹೊಡದೆ. ಲಾ ಎಲ್ಲಿ ಓಡಿ ಹೋಗತೈತಿ? ನೀ ಡಿಗ್ರಿ ಮಾಡಿ, ನೌಕರಿ ಮಾಡಿ, ಆಮ್ಯಾಲೆ ಓದಿದ್ದಿ. ನಿನಗೇನ್ ಕಡಿಮಿ ಆತು?”

ಅವನು ಸುಳ್ಳು ಹೇಳುತ್ತಿರಲಿಲ್ಲ. ಯಶವಂತನಗರದ ಗಣಿಯಲ್ಲಿ ದುಡಿದವನ ಮಗಳು, ನಮ್ಮ ಓಣಿಯಲ್ಲೇ ಮೊದಲ ಡಿಗ್ರಿ, ಆಮೇಲೆ ಕರಿ ಕೋಟು. ಇದು ನಾನು ದುಡಿದು ಗಳಿಸಿದ ಕಥೆ, ಹೇಳಲು ನನಗೆ ನಾಚಿಕೆಯಿಲ್ಲ. ಶಾಲೆಗಳಿಗೆ ಕರೆಯುತ್ತಾರೆ, ಹೋಗುತ್ತೇನೆ. ಲಾ ಓದಬೇಕು ಅಂತ ಮಕ್ಕಳು ಯಾವಾಗಿನಿಂದ ಯೋಚನೆ ಮಾಡಬೇಕು ಮೇಡಂ ಎಂದು ಮೇಷ್ಟ್ರುಗಳು ಕೇಳಿದರೆ, ಯಾವಾಗ ಬೇಕಾದರೂ ಮಾಡಿ, ತಡವಾದರೂ ಪರವಾಗಿಲ್ಲ ಎನ್ನುತ್ತೇನೆ. ಎದುರಿಗೆ ಕೂತ ಮಕ್ಕಳ ಧೈರ್ಯ ಕೆಡಿಸಬಾರದಲ್ಲ.

ಹುಡುಗಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಎದುರು ಪಾರ್ಟಿಯ ವಕೀಲರನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು.

ಆಯ್ತು ಬಿಡಪ್ಪ, ನಿನ್ನ ಮಗಳು, ನಿನ್ನ ಇಷ್ಟ ಎಂದು ಎದ್ದು ಬರಬಹುದಿತ್ತು. ಅಷ್ಟು ದಣಿದಿದ್ದೆ. ಆದರೆ ಆ ನೋಟ ತಡೆಯಲಾಗಲಿಲ್ಲ.

“ಅಣ್ಣಾ, ಮೈಕಿನಾಗ ಹೇಳಲಾರದ್ದು ಹೇಳ್ತೀನಿ, ಕೇಳು. ನಾ ತೋರಣಗಲ್ಲಿನಾಗ ರಾತ್ರಿ ಶಿಫ್ಟು ಮಾಡಿ ಮುಂಜಾನೆ ಲಾ ಕಾಲೇಜಿಗಿ ಹೋಗ್ತಿದ್ನೆಲ್ಲ?”

“ಗೊತ್ತೈತಿ. ಕ್ಲಾಸಿನಾಗ ನಿದ್ದಿ ಹೊಡಿತಿದ್ದಿ. ಆಕಿನ್ನ ಎಬ್ಬಿಸಬ್ಯಾಡ್ರಿ, ರಾತ್ರಿಯೆಲ್ಲಾ ಲಾರಿ ಎತ್ತಿ ಬಂದಾಳ ಅಂತಿದ್ರು ನಿಮ್ಮ ಸರ್ ಅಂತ ಅದನ್ನೂ ಮೈಕಿನಾಗ ಅಂದಿದ್ದಿ. ಮಕ್ಕಳು ಬಿದ್ದು ಬಿದ್ದು ನಕ್ಕವು.”

ನಾನು ಎತ್ತುತ್ತಿದ್ದದ್ದು ಲಾರಿಯನ್ನಲ್ಲ. ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟಿನ ಮೇಲೆ ಕೆಲಸಕ್ಕಿದ್ದ ನಾನು ವೇಬ್ರಿಜ್ಜಿನ ಗೂಡಿನಲ್ಲಿ ಕೂತು ಅದಿರಿನ ಲಾರಿಗಳ ತೂಕ ಬರೆದುಕೊಳ್ಳುತ್ತಿದ್ದೆ. ಸರ್ ಮಾತಿಗೆ ಆಗ ಕ್ಲಾಸೂ ನಕ್ಕಿತ್ತು, ನಾನೂ ನಕ್ಕಿದ್ದೆ.

“ನಿದ್ದಿ ಹೊಡೆದ ಪಾಠ ಮತ್ತ ಯಾರೂ ಮಾಡಲಿಲ್ಲಣ್ಣ. ಈಗೂ ಆಸ್ತಿ ಕೇಸು ಬಂದ್ರ ಮನ್ಯಾಗ ಪುಸ್ತಕ ತಗದು ಮೊದಲಿಂದ ಓದ್ತೀನಿ. ಉಳಿದವರಿಗೆ ಬಾಯಾಗ ಇರ್ತತಿ, ನನಗ ಇರಂಗಿಲ್ಲ.”

 ಉಳಿದದ್ದನ್ನೂ ಹೇಳಿದೆ. ಲಾ ಮುಗಿದ ಮೇಲೂ ಓದು ಮುಗಿಯುವುದಿಲ್ಲ. ವಕೀಲರಾಗಲು ಇನ್ನೊಂದು ಪರೀಕ್ಷೆ, ಅದಾದ ಮೇಲೆ ಯಾರದಾದರೂ ಆಫೀಸಿನಲ್ಲಿ ಜೂನಿಯರ್ ಆಗಿ ವರ್ಷಗಟ್ಟಲೆ ಫೈಲು ಹೊರಬೇಕು. ನನಗೆ ಸಿಕ್ಕ ಸೀನಿಯರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಏನೆಂದು ಕರೆಯಬೇಕೋ ತಿಳಿಯದೆ ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. “ಅಕ್ಕ, ಆ ಫೈಲು ತರ್ರಿ” ಎಂದಾಗ ಕಕ್ಷಿದಾರರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ನನ್ನ ಜೊತೆಯ ಜೂನಿಯರ್‌ಗಳು ಆಗಷ್ಟೇ ಕಾಲೇಜು ಬಿಟ್ಟ ಹುಡುಗರು. ಗಳಿಕೆಯಿಲ್ಲದಿದ್ದರೂ ಅಪ್ಪನ ಮನೆಯಲ್ಲಿ ಉಂಡು ಕಲಿಯುವ ವಯಸ್ಸು ಅವರದು. ನಾನು ಆ ವಯಸ್ಸನ್ನು ಲಾರಿಗಳಿಗೆ ಕೊಟ್ಟು ಬಂದಿದ್ದೆ.

ಅತ್ತಿಗೆ ಮೆಲ್ಲಗೆ, “ಇದೆಲ್ಲಾ ನಮಗೆಲ್ಲಿ ಹೇಳಿದ್ರಿ ನೀವು?” ಎಂದರು.

“ನನಗ ಲಾ ಅನ್ನೋ ಯೋಚನಿ ಬಂದದ್ದು ಯಾವಾಗ, ನಿನಗ ನೆನಪೈತೇನಣ್ಣ?”

ಅವನಿಗೆ ನೆನಪಿತ್ತು. ಅಪ್ಪನನ್ನು ಗಣಿಯಿಂದ ತೆಗೆದಾಗ ಇಬ್ಬರೂ ಕೂಡಿ ಸಂಡೂರಿನಲ್ಲಿ ಒಬ್ಬ ವಕೀಲರ ಹತ್ತಿರ ಹೋಗಿದ್ದೆವು. ಅವರು ನನ್ನ ಕೈಗೆ ಒಂದು ಕಾಗದ ಕೊಟ್ಟು ಓದಿಕೊಳ್ಳಿ ಎಂದರು. ಬಿ.ಎ. ಪಾಸಾದ ನನಗೆ ಅದರ ತಲೆಬುಡ ತಿಳಿಯಲಿಲ್ಲ. ನಮ್ಮಂಥ ಮನೆಗಳಲ್ಲಿ ಲಾ ನೆನಪಾಗುವುದು ಮೈಮೇಲೆ ಕೇಸು ಬಿದ್ದಾಗ. ವಕೀಲರ ಮಕ್ಕಳು ಊಟದ ತಟ್ಟೆಯ ಮುಂದೆಯೇ ಅದನ್ನು ಕೇಳಿಕೊಂಡು ಬೆಳೆಯುತ್ತಾರೆ.

“ಇಕಿ ಎಸ್ಸೆಸ್ಸೆಲ್ಸಿ ಸೂಟಿಯಾಗ ನನ್ನ ಕೂಡ ಕೋರ್ಟಿಗಿ ಬಂದು ಹಿಂದಿನ ಬೆಂಚಿನ್ಯಾಗ ಕುಂದ್ರುತಿದ್ಲು. ಅವತ್ತಿಂದ ಯೋಚನಿ ಮಾಡ್ಯಾಳ, ಇಂಗ್ಲಿಷ್ ಪೇಪರ್ ಓದಾಕ ಹತ್ತ್ಯಾಳ. ನಾ ಯೋಚನಿ ಶುರು ಮಾಡಿದ ವಯಸ್ಸಿಗಿ ಇಕಿ ಕೋಟು ಹಾಕ್ಕೊಂಡು ನಿಂತಿರ್ತಾಳ. ನನಗ ಗತಿ ಇರಲಿಲ್ಲ, ತಡ ಆತು. ಇಕಿಗೆ ಯಾಕ ತಡ ಮಾಡ್ತಿ?”

ಅಣ್ಣ ಕಟ್ಟೆಯ ಮೇಲೆ ಉಗುರಿನಿಂದ ಗೀರತೊಡಗಿದ. “ಮತ್ತ ಅವತ್ತು ಮೈಕಿನಾಗ ಯಾಕ ಹೇಳಲಿಲ್ಲ ಇದನ್ನ?” ಎಂದ.

“ಎಲ್ಲಿ ಬಿಟ್ರಿ? ಚಪ್ಪಾಳಿ ಹೊಡಿತಿದ್ರೆಲ್ಲ.”

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಅಣ್ಣ ನಗಲಿಲ್ಲ. “ಹಾಸ್ಟೆಲಿನಾಗ ಹೆಂಗ ಇರ್ತಾಳಲೇ?” ಎಂದ. ಆಗ ಗೊತ್ತಾಯಿತು, ಇಷ್ಟು ಹೊತ್ತಿನ ವಾದದ ಕೆಳಗೆ ಇದ್ದದ್ದು ಇದು.  ಇದ್ದು ಕಲಿತಾಳೆ ಎಂದೆ, ಅಷ್ಟೇ.

ಅವನು ಕಟ್ಟೆಯಿಂದ ಎದ್ದ. “ಬುಧವಾರತನ ಯಾಕ ಕಾಯೋದು, ನಾಳೆನಾ ಹೋಗೂನು. ನೀನೂ ಬಾ. ಅಲ್ಲಿ ಇಂಗ್ಲಿಷಿನಾಗ ಏನರ ಕೇಳಿದ್ರ ನನಗ ಬರಂಗಿಲ್ಲ.” ಮಗಳ ಕಡೆ ತಿರುಗಿ, “ಈಗರ ಉಣ್ಣಲೇ,” ಎಂದ.

ನಾಳೆ ನನಗೆ ಕೇಸುಗಳಿದ್ದವು. ಯಾರಿಗಾದರೂ ಹೇಳಿ ಮುಂದಿನ ತಾರೀಖು ತೆಗೆದುಕೊಳ್ಳಬೇಕು. ಹೂಂ ಎಂದೆ.

ಉಂಡ ಮೇಲೆ ಹುಡುಗಿ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಬಂದಳು. ಅರ್ಧ ದಾರಿ ಸುಮ್ಮನೆ ನಡೆದು ಕೇಳಿದಳು: “ಅತ್ತಿ, ಸಿಟ್ಟಾಗಬ್ಯಾಡ. ನನ್ನ ನೋಡಿ ನಿನಗ ಹೊಟ್ಟಿ ಉರಿತೈತೇನು?”

ಈ ಹುಡುಗಿ ಒಳ್ಳೆಯ ವಕೀಲಳಾಗುತ್ತಾಳೆ ಅನಿಸಿತು.

“ಉರಿತೈತಿ,” ಎಂದೆ. “ಸ್ವಲ್ಪ.”

ಅವಳು ನಗಲಿಲ್ಲ. ನನ್ನ ಕೈಯಲ್ಲಿದ್ದ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ನನ್ನ ಊದಿದ ಕಾಲುಗಳಿಗೆ ತಕ್ಕಂತೆ ನಿಧಾನವಾಗಿ ನಡೆಯತೊಡಗಿದಳು.