ಎದುರುಮನೆಯ ಎರಡು ಬಾಗಿಲ ಕಾರು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ತಂತಿಯ ಮೇಲೆ ಒಣಗಿದ್ದ ಬಟ್ಟೆ ಮಡಿಚಿ, ಯಜಮಾನರ ಎರಡು ಅಂಗಿ ಇಸ್ತ್ರಿಗೆ ಕೊಟ್ಟು ಬಂದೆ. ರಾಗಿ ಆರಿಸಿ ಮಿಲ್ಲಿಗೆ ಕಳಿಸಿದೆ. ಗ್ಯಾಸ್ ಒಲೆಯ ಬರ್ನರ್ ಕಟ್ಟಿಕೊಂಡಿತ್ತು, ಪಿನ್ನು ಹಾಕಿ ಬಿಡಿಸಿದೆ. ಮಧ್ಯಾಹ್ನ ಬೀದಿ ಕೊನೆಯ ಮನೆಯಲ್ಲಿ ಸೀಮಂತವಿತ್ತು, ಹೋಗಿ ಅಕ್ಷತೆ ಹಾಕಿ ಬೇಗ ಬಂದುಬಿಟ್ಟೆ. ಸಂಜೆ ದೀಪ ಹಚ್ಚಿ, ರಾತ್ರಿಗೆ ಉಪ್ಪಿಟ್ಟು ಸಾಕು ಎಂದುಕೊಂಡು ಬಾಣಲೆಗೆ ರವೆ ಸುರಿದೆ.

ರವೆ ಹುರಿಯುವಾಗ ನಾನು ಬಣ್ಣ ನೋಡುವುದಿಲ್ಲ, ವಾಸನೆ ನೋಡುತ್ತೇನೆ. ಹಸಿ ವಾಸನೆ ಹೋಗಿ, ಬಿಸಿಲು ಬಿದ್ದ ಒಣಹುಲ್ಲಿನಂಥ ಒಂದು ಪರಿಮಳ ಬಂದಾಗ ಒಲೆ ಆರಿಸಬೇಕು. ಇದನ್ನು ಕಲಿಸಿದವರು ಮರಳೂರಿನ ನಮ್ಮ ತವರಿನ ಎದುರುಮನೆ ದೊಡ್ಡಮ್ಮ. ಇವತ್ತು ಆ ಪರಿಮಳ ಬರುವ ಹೊತ್ತಿಗೆ ಸರಿಯಾಗಿ, ಊಟದ ಮೇಜಿನ ಮುಂದೆ ಮೊಬೈಲ್ ಹಿಡಿದು ಕೂತಿದ್ದ ಯಜಮಾನರು, "ಇಲ್ಬಾ ಸ್ವಲ್ಪ, ಇದು ನಮ್ ದೊಡ್ಡಪ್ಪನ ಕಾರಲ್ವೇನೇ?" ಎಂದರು.

ಕೆನೆ ಬಣ್ಣದ, ಎರಡೇ ಬಾಗಿಲಿನ ಜರ್ಮನಿ ಕಾರು. ಮಾರಾಟಕ್ಕಿದೆಯಂತೆ, ಹಳೆಯ ಕಾರು ಸಂಗ್ರಹಿಸುವವರಿಗೆ. ಎಂಜಿನ್ನು ಮೊದಲಿನದೇ, ಸೀಟಿನ ಚರ್ಮವೂ ಮೊದಲಿನದೇ, ಸ್ಟೀರಿಂಗ್ ಎಡಗಡೆಗೆ, ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದರು. ಕೊನೆಗೆ ಒಂದು ಸಾಲು: ಡ್ಯಾಶ್‌ಬೋರ್ಡಿನ ಮರದ ಪಟ್ಟಿಯ ಮೇಲೆ ಒಂದು ದುಂಡನೆಯ ಕಲೆ ಬಿಟ್ಟರೆ ಬೇರೆ ಊನವಿಲ್ಲ. ನಾನು ಎರಡು ಬೆರಳಿನಲ್ಲಿ ಚಿತ್ರವನ್ನು ಹಿಗ್ಗಿಸಿದೆ. ಇತ್ತು ಕಲೆ. ಕಾಫಿ ಲೋಟದ ತಳದಷ್ಟು ಅಗಲ...

ಒಲೆಯ ಮೇಲೆ ರವೆ ಒಂದಿಷ್ಟು ಹೆಚ್ಚೇ ಕೆಂಪಾಯಿತು.

ದೊಡ್ಡಪ್ಪ ನಮಗೆ ಸಂಬಂಧಿಕರೇನಲ್ಲ. ಎದುರುಮನೆಯವರು, ಅಪ್ಪನಿಗಿಂತ ಹಿರಿಯರು, ಅಷ್ಟೇ. ಬಿಳಿ ಪಂಚೆ, ಹಣೆಯ ತುಂಬ ವಿಭೂತಿ, ತೋಳು ಮಡಿಚಿದ ಅಂಗಿ. ಗೂಳೂರಿನ ಹತ್ತಿರ ತೆಂಗಿನ ತೋಟವಿತ್ತು, ಮಕ್ಕಳಿರಲಿಲ್ಲ. ಬೆಂಗಳೂರಿನಲ್ಲಿ ಯಾವುದೋ ಕಾರ್ಖಾನೆಯಲ್ಲಿದ್ದ ಜರ್ಮನ್ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಹಿಂತಿರುಗುವಾಗ ಬಿಟ್ಟುಹೋದ ಕಾರನ್ನು ಇವರು ತಂದಿದ್ದರು. ಊರವರು ನಕ್ಕಿದ್ದರಂತೆ. ಎರಡೇ ಬಾಗಿಲು, ಹಿಂದೆ ಕೂರುವವರು ಮುಂದಿನ ಸೀಟು ಮಡಿಚಿ ನುಸುಳಬೇಕು. ಆದರೆ ಎರಡೂ ಕಡೆಯ ಕಿಟಕಿ ಇಳಿಸಿದರೆ ನಡುವೆ ಕಂಬವೇ ಇಲ್ಲ, ಜಗಲಿಯ ಮೇಲೆ ಕೂತ ಹಾಗೆ ಬಯಲು. ಸೋಮವಾರ ಸಂಜೆ ಇಬ್ಬರೂ ಆ ಜಗಲಿಯ ಮೇಲೆ ಕೂತಂತೆ ಮಠಕ್ಕೆ ಹೊರಡುವುದನ್ನು ನಾವು ಗೇಟು ಹಿಡಿದು ನೋಡುತ್ತಿದ್ದೆವು.

ಸ್ಟೀರಿಂಗ್ ಎಡಗಡೆ ಇದ್ದದ್ದರಿಂದ ಮುಂದೆ ಲಾರಿ ಸಿಕ್ಕರೆ ಎದುರಿನ ರಸ್ತೆ ದೊಡ್ಡಪ್ಪನಿಗೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ದೊಡ್ಡಮ್ಮ ಕತ್ತು ಹೊರಗೆ ಹಾಕಿ ನೋಡಿ ಹೇಳಬೇಕು. "ತಡೀರಿ, ಬಸ್ ಬತ್ತಾ ಇದೆ" ಎಂದರೆ ತಡೆಯಬೇಕು, "ಈಗ ನುಗ್ಗಿ" ಎಂದರೆ ನುಗ್ಗಬೇಕು. ಒಮ್ಮೆ ನನ್ನನ್ನೂ ಅಮ್ಮನನ್ನೂ ಹಿಂದೆ ಕೂರಿಸಿಕೊಂಡು ಗುಬ್ಬಿಗೆ ಹೋದಾಗ ದಾರಿಯುದ್ದಕ್ಕೂ ಈ ಮಾತೇ. ಇಳಿದ ಮೇಲೆ ಅಮ್ಮ, ನನಗೇ ಕತ್ತು ನೋಯ್ತಿದೆ ಎಂದಿದ್ದಳು. "ಕೈ ನಂದು, ಕಣ್ಣು ಇವಳ್ದು" ಎನ್ನುತ್ತಿದ್ದರು ದೊಡ್ಡಪ್ಪ. ನಾವದನ್ನು ತಮಾಷೆ ಎಂದುಕೊಂಡಿದ್ದೆವು.

ಸಕ್ಕರೆ ಕಾಯಿಲೆ ದೊಡ್ಡಮ್ಮನ ಕಣ್ಣಿಗೆ ಇಳಿಯಿತು. ಅವರು ಯಾರಿಗೂ ಹೇಳಲಿಲ್ಲ. ಕುಣಿಗಲ್ ರಸ್ತೆಯಲ್ಲಿ ಒಂದು ದಿನ ನುಗ್ಗಿ ಎಂದರು, ಎದುರಿಗೆ ಲಾರಿ ಬರುತ್ತಿತ್ತು. ದೊಡ್ಡಪ್ಪ ಕಾರನ್ನು ಪಕ್ಕದ ಹುರುಳಿ ಹೊಲಕ್ಕೆ ಇಳಿಸಿಬಿಟ್ಟರು. ಯಾರಿಗೂ ಏನೂ ಆಗಲಿಲ್ಲ, ಕಾರಿಗೂ. ಆದರೆ ಮನೆಯ ಗೇಟಿನ ಹತ್ತಿರ ಇಳಿಯುವಾಗ ದೊಡ್ಡಮ್ಮ, "ಇನ್ಮೇಲೆ ನನ್ ಮಾತು ಕೇಳ್ಕೊಂಡು ಓಡ್ಸಬೇಡಿ" ಎಂದರು. ಆ ಪಕ್ಕದ ಸೀಟಿನಲ್ಲಿ ಬೇರೆ ಯಾರನ್ನಾದರೂ ಕೂರಿಸಿಕೊಳ್ಳಿ, ಡ್ರೈವರ್ ಇಟ್ಟುಕೊಳ್ಳಿ ಎಂದು ಅಪ್ಪ ಹೇಳಿ ನೋಡಿದರು. ಇನ್ನೊಬ್ಬರ ಕಣ್ಣಲ್ಲಿ ನಾನು ಓಡಿಸೋನಲ್ಲ ಎಂದು ದೊಡ್ಡಪ್ಪ ಕಾರನ್ನು ಶೆಡ್ಡಿಗೆ ಸೇರಿಸಿದರು. ನಿಂತಲ್ಲೇ ನಿಂತರೆ ಅದು ಹಾಳಾಗುತ್ತದೆ. ಒಳ್ಳೆಯ ಕೈಗೆ ಕೊಟ್ಟುಬಿಡಬೇಕು ಎಂದು ತೀರ್ಮಾನಿಸಿ ಇಂಗ್ಲಿಷ್ ಪೇಪರಿನಲ್ಲಿ ಜಾಹೀರಾತು ಹಾಕಿಸಿದರು.

ಭಾನುವಾರಗಳಂದು ಜನ ಬರತೊಡಗಿದರು. ಹಳೆಯ ಕಾರುಗಳ ಹುಚ್ಚಿನವರು, ಬೆಂಗಳೂರಿನವರೇ ಹೆಚ್ಚು. ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ಹೇಗೆ ಎಂದು ದೊಡ್ಡಮ್ಮ ಉಪ್ಪಿಟ್ಟು, ಕೇಸರಿಬಾತು ಮಾಡುತ್ತಿದ್ದರು. ನನ್ನನ್ನು ಕರೆಯುತ್ತಿದ್ದರು. ನಾನು ಈರುಳ್ಳಿ ಹೆಚ್ಚಿಕೊಡಬೇಕು, ಅವರು ಮೂಗಿನಲ್ಲೇ ರವೆ ಹುರಿಯಬೇಕು. ಹಜಾರದಲ್ಲಿ ದೊಡ್ಡಪ್ಪ ಬೆಲೆಯ ಮಾತನ್ನೇ ಎತ್ತುತ್ತಿರಲಿಲ್ಲ. ನಿಮ್ಮೂರು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ, ಏನು ಕೆಲಸ ಎಂದು ಶುರುವಾಗಿ, "ನಿಮ್ಮನೇಲಿ ನೆರಳಿದ್ಯಾ?" ಎಂಬಲ್ಲಿಗೆ ಬರುತ್ತಿತ್ತು. ಆಮೇಲೆ, ಹೊರಗೆ ಕರೆದುಕೊಂಡು ಹೋಗುತ್ತೀರೋ, ನೋಡೋಕೆ ಅಂತ ಒಳಗೇ ಕೂರಿಸುತ್ತೀರೋ ಎಂದು ಕೇಳುತ್ತಿದ್ದರು. ಕೊನೆಗೆ, "ಹಬ್ಬಕ್ಕೆ ಕಳಿಸ್ತೀರಾ?"

ಈ ಪ್ರಶ್ನೆಗೆ ಹೆಚ್ಚಿನವರು ನಗುತ್ತಿದ್ದರು. ನಕ್ಕವರಿಗೆ ದೊಡ್ಡಪ್ಪ ಎದ್ದು ಕೈಮುಗಿದು, ತಿಳಿಸ್ತೀವಿ ಎನ್ನುತ್ತಿದ್ದರು.

"ಇವ್ರಿಗೆ ಕಾರ್ ಮಾರೋ ಮನಸಿಲ್ಲ ಕಣೇ, ಬೀಗರನ್ನ ಹುಡುಕ್ತವ್ರೆ" ಎಂದು ದೊಡ್ಡಮ್ಮ ಅಡುಗೆಮನೆಯಲ್ಲಿ ನನಗೆ ಹೇಳಿ ನಗುತ್ತಿದ್ದರು. ಕೇಸರಿಬಾತಿಗೆ ದ್ರಾಕ್ಷಿ ಹಾಕುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಆ ದುಂಡನೆ ಕಲೆ ಅಂಥ ಒಂದು ಭಾನುವಾರದ್ದು. ಒಳ್ಳೆಯ ಬಟ್ಟೆ ತೊಟ್ಟ ಒಬ್ಬಾತ, ಆಗ ಅಪರೂಪವಾಗಿದ್ದ ಮೊಬೈಲಿನಲ್ಲಿ ಮಾತಾಡುತ್ತಲೇ ಕಾರಿನಲ್ಲಿ ಕೂತು, ಬಿಸಿ ಕಾಫಿ ಲೋಟವನ್ನು ಮರದ ಪಟ್ಟಿಯ ಮೇಲೆ ಇಟ್ಟ. ಲೋಟ ಎತ್ತಿದಾಗ ಬಿಳಿಯ ಉಂಗುರ ಎದ್ದಿತ್ತು. ದೊಡ್ಡಪ್ಪ ಆತನಿಗೆ ಪ್ರಶ್ನೆಗಳನ್ನೇ ಕೇಳಲಿಲ್ಲ.

ಅದೇ ತಿಂಗಳುಗಳಲ್ಲಿ ನಮ್ಮ ಮನೆಗೂ ಜನ ಬರುತ್ತಿದ್ದರು, ನನ್ನನ್ನು ನೋಡಲು. ನಮ್ಮಲ್ಲೂ ಅದೇ ಉಪ್ಪಿಟ್ಟು, ಅದೇ ಕೇಸರಿಬಾತು. ಆದರೆ ನಮ್ಮ ಹಜಾರದಲ್ಲಿ ಪ್ರಶ್ನೆ ಕೇಳುವವರು ಅವರು, ಉತ್ತರ ಹೇಳುವವರು ನಾವು. ಬಣ್ಣ ಸ್ವಲ್ಪ ಕಮ್ಮಿ, ಎತ್ತರ ಸ್ವಲ್ಪ ಜಾಸ್ತಿ. ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೋದವರು ತಿಳಿಸುತ್ತಿರಲಿಲ್ಲ. ಫೋನು ಬಡಿದುಕೊಂಡರೆ ಅಪ್ಪ ಎದ್ದು ಓಡುತ್ತಿದ್ದರು... ಒಂದು ಭಾನುವಾರ ನಮ್ಮ ಮನೆಯಿಂದ ಒಂದು ಕಡೆಯವರು ಕಾಫಿಯನ್ನೂ ಪೂರ್ತಿ ಕುಡಿಯದೆ ಎದ್ದುಹೋದರು. ಅದೇ ಹೊತ್ತಿಗೆ ಎದುರುಮನೆಯಲ್ಲಿ ದೊಡ್ಡಪ್ಪ ಯಾರಿಗೋ ಕೈಮುಗಿದು ಕಳಿಸುತ್ತಿದ್ದರು. ಅಮ್ಮ ಗೇಟಿನ ಹತ್ತಿರ ನಿಂತಿದ್ದಳು. ಜಗಳಕ್ಕೆ ಹೋಗುವವಳಲ್ಲ ನಮ್ಮಮ್ಮ. ಮೆಲ್ಲಗೇ ಹೇಳಿದಳು.

"ನಿಮ್ ಕಾರಿಗಿರೋ ಮರ್ಯಾದೆ ನನ್ ಮಗಳಿಗಿಲ್ಲ ನೋಡಿ ಭಾವ."

ದೊಡ್ಡಪ್ಪ ಅಲ್ಲೇ ನಿಂತರು. ಬಹಳ ಹೊತ್ತು ಗೇಟಿನ ಚಿಲಕವನ್ನು ಹಾಕಿ ತೆಗೆದು ಹಾಕಿ ತೆಗೆದು ಮಾಡಿದರು. ಆಮೇಲೆ ಒಳಗೆ ಹೋದರು. ಅಮ್ಮ ಆ ದಿನವೆಲ್ಲ ಪೇಚಾಡಿದಳು, ಹಿರಿಯರಿಗೆ ಹಾಗನ್ನಬಾರದಿತ್ತು ಎಂದು.

ಮುಂದಿನ ಸಲ ಗುಬ್ಬಿಯಿಂದ ಹುಡುಗನ ಕಡೆಯವರು ಬಂದಾಗ, ಕರೆಯದೆಯೇ ದೊಡ್ಡಪ್ಪ ಬಂದು ಅಪ್ಪನ ಪಕ್ಕ ಕೂತರು. ಶುಭ್ರವಾದ ಪಂಚೆ, ಹೆಗಲ ಮೇಲೆ ಜರಿಯಂಚಿನ ಶಲ್ಯ. ಹುಡುಗನ ಸೋದರಮಾವ ಮಾತುಗಾರರು. ಹುಡುಗಿಗೆ ಹಾಡು ಬರುತ್ತದಾ, ಹೊಲಿಗೆ ಬರುತ್ತದಾ ಎಂದು ಕೇಳಿ ಮುಗಿಸಿದರು. ನಾನು ತಟ್ಟೆ ಎತ್ತಲು ಬಾಗಿದಾಗ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

"ನಿಮ್ಮನೇಲಿ ನೆರಳು ಹೆಂಗಿದೆ?"

ತೋಟದ ಮಧ್ಯೆ ಮನೆ, ನೆರಳಿಗೇನು ಕಮ್ಮಿ ಎಂದರು ಸೋದರಮಾವ.

"ಮರದ ನೆರಳಲ್ಲ ಸ್ವಾಮಿ. ನಮ್ ಹುಡುಗಿ ಮೇಲೆ ಯಾರಾದ್ರೂ ಬಿಸಿಯಾದ್ರೆ ಅಡ್ಡ ನಿಲ್ಲೋರು ಯಾರು ಅಂತ. ಆಮೇಲೆ ಹೊರಗೆ ಕರ್ಕೊಂಡು ಹೋಗ್ತೀರೋ, ಒಳಗೇ ಕೂರಿಸ್ತೀರೋ? ಹಬ್ಬಕ್ಕೆ ಕಳಿಸ್ತೀರಾ?"

ಅಪ್ಪನ ಮುಖ ನೋಡುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರು ಹೀಗೆ ಸವಾಲು ಹಾಕುವುದನ್ನು ಇದೇ ಮೊದಲು ನೋಡುತ್ತಿರುವುದು ಎಂದು ಸೋದರಮಾವ ಎದ್ದೇಬಿಟ್ಟರು. ಇದೂ ಹೋಯಿತು ಎಂದುಕೊಂಡೆ. ಆಗ, ಅಲ್ಲಿಯವರೆಗೆ ನೆಲವನ್ನೇ ನೋಡುತ್ತಿದ್ದ ಹುಡುಗ ತಲೆಯೆತ್ತಿದ.

"ನಮ್ಮಲ್ಲಿರೋದು ಒಂದು ಹಳೇ ಸ್ಕೂಟರ್ ಸಾರ್. ಅದ್ರಲ್ಲೇ ಕರ್ಕೊಂಡು ಓಡಾಡ್ತೀನಿ. ಅಡ್ಡ ನಾನೇ ನಿಲ್ತೀನಿ. ಹಬ್ಬಕ್ಕೆ ಬಂದು ಬಿಟ್ಟು ಹೋಗ್ತೀನಿ."

"ಬಿಟ್ಟು ಹೋಗೋದಲ್ಲ ಕಣಪ್ಪ, ಇದ್ದು ಊಟ ಮಾಡ್ಕೊಂಡು ಹೋಗ್ಬೇಕು" ಎಂದರು ದೊಡ್ಡಪ್ಪ. ಬಾಗಿಲ ಮರೆಯಲ್ಲಿದ್ದ ದೊಡ್ಡಮ್ಮ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಸೋದರಮಾವ ಊರಿಗೆ ಹೋಗಿ ತಿಳಿಸುತ್ತೇವೆ ಎನ್ನಲು ಬಾಯಿ ತೆರೆದರೆ ದೊಡ್ಡಪ್ಪ, "ನಾವೇ ತಿಳಿಸ್ತೀವಿ ಬುಡಿ" ಎಂದುಬಿಟ್ಟರು. ಅಪ್ಪ ಮಾರನೆಯ ದಿನವೇ ತಿಳಿಸಿದರು. ಆ ಹುಡುಗ ಈಗ ಊಟದ ಮೇಜಿನ ಮುಂದೆ ಕೂತು ಕನ್ನಡಕವನ್ನು ಹಣೆಗೇರಿಸಿ ಮೊಬೈಲ್ ನೋಡುವವರು.

ನನ್ನ ಮದುವೆಗೆ ಮೊದಲೇ ಕಾರಿಗೂ ಮನೆ ಸಿಕ್ಕಿತು. ಕುಣಿಗಲ್ ಕಡೆಯ ಒಬ್ಬರು ಬಂದರು. ತಲೆಮಾರಿನಿಂದ ಕುದುರೆ ಸಾಕುವ ಮನೆತನ, ಜೊತೆಗೆ ಹಳೆಯ ಕಾರುಗಳ ಪ್ರೀತಿ. ಬೀದಿಯವರು ಅವರನ್ನು ಕುದುರೆಯವರು ಎಂದೇ ಕರೆದರು. ಹಬ್ಬದ ಪ್ರಶ್ನೆಗೆ ಅವರು ನಗಲಿಲ್ಲ. ಕುದುರೆ ಮಾರಿದ ಮೇಲೂ ಮನಸ್ಸು ತಡೆಯುವುದಿಲ್ಲ, ನಾವೂ ಹೋಗಿ ಕುತ್ತಿಗೆ ಸವರಿ ಬರುತ್ತೇವೆ ಎಂದರು. ಆಮೇಲೆ ದೊಡ್ಡಪ್ಪ ಹೇಳಿದ ಕೈ ಕಣ್ಣಿನ ಕತೆ ಕೇಳಿಸಿಕೊಂಡು, ದೊಡ್ಡಮ್ಮನ ಕಡೆ ತಿರುಗಿ ಒಂದು ಮಾತು ಕೇಳಿದರು: "ಯಾವಾಗ ನುಗ್ಗಿ ಅನ್ಬೇಕು ಅಂತ ನಮ್ ಮನೆಯವಳಿಗೆ ಒಂದ್ಸಲ ಹೇಳ್ಕೊಡ್ತೀರಾ ಅಮ್ಮ?"

ಅಲ್ಲಿಗೆ ಮುಗಿಯಿತು. ಕಾರು ಹೊರಡುವ ದಿನ ದೊಡ್ಡಮ್ಮ ಅದರ ಮುಂದಿನ ಖಾನೆಯಲ್ಲಿ ಮಡಿಲಕ್ಕಿ ಇಟ್ಟರು. ಅಕ್ಕಿ, ಕೊಬ್ಬರಿ ಗಿಟುಕು, ಬೆಲ್ಲದಚ್ಚು, ವೀಳ್ಯದೆಲೆ, ಎಲ್ಲ ಒಂದು ರವಿಕೆ ಕಣದಲ್ಲಿ ಕಟ್ಟಿ. ದೊಡ್ಡಪ್ಪ ಶೆಡ್ಡಿನಿಂದ ಹೊರಗೆ ಬರಲೇ ಇಲ್ಲ. ಖಾಲಿ ಶೆಡ್ಡು ಗುಡಿಸುತ್ತಿದ್ದರು.

ಕುದುರೆಯವರು ಮಾತಿಗೆ ತಪ್ಪಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಮರಳೂರಿನ ನಮ್ಮ ಬೀದಿಗೆ ಇಬ್ಬರು ತವರಿಗೆ ಬಂದೆವು. ಗುಬ್ಬಿಯಿಂದ ಸ್ಕೂಟರಿನಲ್ಲಿ ನಾನು, ಕುಣಿಗಲ್ಲಿನಿಂದ ಕಾರು. ಕುದುರೆಯವರ ಹೆಂಡತಿ ಬಲಗಡೆಯಿಂದ ಇಳಿದು, ದಾರಿಯುದ್ದಕ್ಕೂ ತಡೀರಿ ತಡೀರಿ ಅಂದದ್ದೇ ಆಯಿತು, ನುಗ್ಗಿ ಅನ್ನೋಕೆ ಬಾಯೇ ಬರಲಿಲ್ಲ ಎಂದು ದೊಡ್ಡಮ್ಮನ ಕೈಹಿಡಿದು ನಕ್ಕರು. ದೊಡ್ಡಮ್ಮನಿಗೆ ಆಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ತಮ್ಮ ಸೀಟಿನಲ್ಲಿ ಕೂತು ಮರದ ಪಟ್ಟಿಯ ಮೇಲೆ ಕೈಯಾಡಿಸಿದರು. ಬೆರಳು ಆ ಉಂಗುರದ ಹತ್ತಿರ ಬಂದು ನಿಂತಿತು. ಉಂಗುರದ ಸುತ್ತಲೇ ಒಂದು ಸುತ್ತು ಬಂತು. ಪಾಲಿಶ್ ಹಾಕಿಸಿ ಅಳಿಸಿಬಿಡಲೇ ಎಂದು ಕುದುರೆಯವರು ಕೇಳಿದ್ದಕ್ಕೆ, ಬೇಡ, ನನಗೆ ಗುರುತು ಸಿಗೋದೇ ಅದರಿಂದ ಎಂದರು.

ಹಾಗೆ ಎಷ್ಟೋ ಹಬ್ಬ ಕಳೆದವು. ಒಂದು ಮಾಘದಲ್ಲಿ ದೊಡ್ಡಮ್ಮ ತೀರಿಕೊಂಡರು. ಆ ವರ್ಷವೂ ಕಾರು ಬಂತು. ಕುದುರೆಯವರು ಒಂದು ಸುತ್ತು ಹೋಗೋಣ ಎಂದಾಗ ದೊಡ್ಡಪ್ಪ ಮೊದಲ ಸಲ ಬಲಗಡೆಯ ಸೀಟಿನಲ್ಲಿ ಕೂತರು. ನಾನು ಹಿಂದೆ ಕೂತಿದ್ದೆ. ಗೂಳೂರಿನವರೆಗೆ ಹೋಗಿ ತಿರುಗಿಸಿಕೊಂಡು ಬಂದೆವು. ಎದುರಿನಿಂದ ಒಂದಾದ ಮೇಲೊಂದು ಬಸ್ಸು, ಟಿಪ್ಪರು. ಪ್ರತಿಯೊಂದಕ್ಕೂ ದೊಡ್ಡಪ್ಪ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಮನೆ ಹತ್ತಿರ ಬಂದಾಗ ಹಿಂದೆ ತಿರುಗಿ ನನಗೆ ಹೇಳಿದರು.

"ಈ ಸೀಟಲ್ಲಿ ನಾನು ಯಾವತ್ತೂ ಕೂತೇ ಇರ್ಲಿಲ್ಲ ಕಣಮ್ಮ. ಎದುರಿಂದ ಬರೋದೆಲ್ಲ ಮೊದ್ಲು ಇವಳ ಮೇಲೇ ಬರ್ತಿತ್ತು... ಒಂದಿನಾನೂ ಹೇಳ್ಲಿಲ್ಲ ನೋಡು."

ಮುಂದಿನ ಬೇಸಿಗೆಯಲ್ಲಿ ಅವರೂ ಹೋದರು. ಕುಣಿಗಲ್ಲಿಗೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಗೌರಿ ಹಬ್ಬದ ಬೆಳಿಗ್ಗೆ ಆ ಕಾರು ಬಂದು ಬೀಗ ಹಾಕಿದ ಗೇಟಿನ ಮುಂದೆ ನಿಂತಿತು. ಎರಡು ಸಲ ಹಾರನ್ ಆಯಿತು. ಅಮ್ಮ ಒದ್ದೆ ಕೈಯಲ್ಲೇ ಓಡಿ ಹೋಗಿ ವಿಷಯ ಹೇಳಿ, ಇಬ್ಬರನ್ನೂ ಒಳಗೆ ಕರೆದು ಹೋಳಿಗೆ ಬಡಿಸಿದಳು. ನನಗೆಂದು ತಂದಿದ್ದ ಎರಡು ಬಾಗಿನದಲ್ಲಿ ಒಂದನ್ನು ಕುದುರೆಯವರ ಹೆಂಡತಿಗೆ ಕೊಟ್ಟಳು. ಆಮೇಲಿನ ವರ್ಷಗಳಲ್ಲಿ ಕಾರು ಬರಲಿಲ್ಲ. ಬರುವುದಾದರೂ ಎಲ್ಲಿಗೆ... ಮನೆ ಯಾರದೋ ಪಾಲಾಗಿ, ಕೆಡವಿ, ಈಗ ಅಲ್ಲಿ ಕೆಳಗೆ ಮೆಡಿಕಲ್ ಸ್ಟೋರು, ಮೇಲೆ ಪಿ.ಜಿ. ಶೆಡ್ಡಿದ್ದ ಜಾಗದಲ್ಲಿ ಜನರೇಟರ್ ಇದೆ. ಅಮ್ಮನೂ ಇಲ್ಲ.

ಜಾಹೀರಾತಿನಲ್ಲಿದ್ದ ನಂಬರಿಗೆ ಇವತ್ತು ಯಜಮಾನರೇ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು. ಮಾರಿಸಿಕೊಡುವ ಏಜೆಂಟ್ ಹುಡುಗನಂತೆ, ಬೆಂಗಳೂರಿನವನು, ಮಾತು ನಯವಾಗಿತ್ತು. ಕುಣಿಗಲ್ಲಿನ ಆ ಹಿರಿಯರು ತೀರಿಕೊಂಡಿದ್ದಾರೆ, ಮಕ್ಕಳು ಮಾರುತ್ತಿದ್ದಾರೆ ಎಂದ. ಕೊಳ್ಳುವವರು ಯಾರು ಎಂದು ಕೇಳಿದೆ. ಇಬ್ಬರು ಮೂವರು ದೊಡ್ಡ ಸಂಗ್ರಹಕಾರರು ಆಸಕ್ತಿ ತೋರಿಸಿದ್ದಾರೆ ಎಂದ. ಅವರಲ್ಲಿ ನೆರಳಿದೆಯಾ ಎಂದೆ.

"ನೆರಳೇನು ಮೇಡಂ, ಎಸಿ ಹಾಲಲ್ಲಿ ಇಡ್ತಾರೆ."

ಓಡಿಸುತ್ತಾರಾ ಎಂದೆ. "ಇಂಥದ್ದನ್ನ ಯಾರೂ ರೋಡಿಗೆ ಇಳಿಸಲ್ಲ ಮೇಡಂ. ಗಾಜಿನಾಚೆಯಿಂದ ನೋಡೋದಷ್ಟೆ" ಎಂದ.

ಇನ್ನೊಂದು ಪ್ರಶ್ನೆ, ಹಬ್ಬದ್ದು, ನಾಲಗೆಯ ತುದಿಯಲ್ಲಿತ್ತು. ಯಾವ ಬಾಗಿಲಿಗೆ ಕಳಿಸಿ ಎನ್ನಲಿ? ನಿಮಗೆ ಇಂಟರೆಸ್ಟ್ ಇದೆಯಾ ಮೇಡಂ ಎಂದು ಆತ ಎರಡನೆಯ ಸಲ ಕೇಳಿದಾಗ, "ತಿಳಿಸ್ತೀವಿ" ಎಂದು ಫೋನ್ ಇಟ್ಟೆ.

ಯಜಮಾನರು ಎದ್ದು ಹೋಗಿ ಎರಡು ತಟ್ಟೆ ತಂದಿಟ್ಟರು. ಉಪ್ಪಿಟ್ಟಿನಲ್ಲಿ ಸ್ವಲ್ಪ ಸೀದ ವಾಸನೆ ಬರುತ್ತಿತ್ತು. ಉಪ್ಪಿನಕಾಯಿ ಹಾಕಿಕೊಂಡು ತಿಂದೆವು, ಅವರು ಇನ್ನೊಂದು ಸೌಟು ಹಾಕಿಸಿಕೊಂಡರು. ಮಲಗಿದ ಮೇಲೆ, ಗೌರಿ ಹಬ್ಬ ಈ ಸಲ ಯಾವ ವಾರ ಬಂದಿದೆ ಎಂದು ಕೇಳುತ್ತ ಕೇಳುತ್ತಲೇ ಅವರಿಗೆ ನಿದ್ದೆ ಹತ್ತಿತು. ನಾನು ಬಾಣಲೆ ನೆನೆಹಾಕಿ ಬಂದು ಮಲಗಿದೆ.