ಮೇಜರ್ ಮಾವನ ಆರಿದ ಮುದ್ದೆ

ಇವತ್ತು ಮಾಡಿದ ಕೆಲಸ: ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ಎದ್ದು ತೊಟ್ಟಿ ತುಂಬಿಸಿದ್ದು. ರಾತ್ರಿ ನೆನೆಹಾಕಿದ್ದ ಅವರೆಕಾಳು ಬಸಿದದ್ದು. ಯಜಮಾನರ ಡಬ್ಬಿಗೆ ಚಿತ್ರಾನ್ನ. ದೊಡ್ಡತ್ತೆಗೆ ಬಿ.ಪಿ. ಮಾತ್ರೆ, ಮಾತ್ರೆಯ ಹಿಂದೆ ಕಾಫಿ, ಕಾಫಿಯ ಹಿಂದೆ ಸಕ್ಕರೆ ಸಾಲದೆಂಬ ದೂರು. ಸಕ್ಕರೆ ಡಬ್ಬಿಗೆ ಹತ್ತಿದ್ದ ಇರುವೆ ಓಡಿಸಿದ್ದು. ಗಿರಣಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದದ್ದು. ಒಬ್ಬ ಮಿಲಿಟರಿ ಕಮಾಂಡರು ಧೈರ್ಯ, ನಾಯಕತ್ವ, ಯುದ್ಧದ ಬಗ್ಗೆ ಏನು ಹೇಳಿದರೆಂದು ಒಂದೇ ವಾಕ್ಯದಲ್ಲಿ ಬರೆಯಲು ಕೂತು, ಆಗದೆ, ಎದ್ದು ಹೋಗಿ ಸಾರಿನ ಪಾತ್ರೆ ಉಜ್ಜಿದ್ದು.

ಆ ಕೊನೆಯ ಕೆಲಸ ನನ್ನ ತಲೆಗೆ ಬಂದದ್ದು ತಿ. ನರಸೀಪುರದ ಒಂದು ಹೈಸ್ಕೂಲಿನ ಹೆಡ್ಮಾಸ್ತರರಿಂದ. ಮೂರು ದಿನದ ಹಿಂದೆ ಫೋನ್ ಮಾಡಿ, "ಮೇಡಂ, ಗಣರಾಜ್ಯೋತ್ಸವಕ್ಕೆ ಹೊಸ ಸ್ಟೇಜು ಓಪನ್ ಮಾಡ್ತಿದೀವಿ. ಮೇಜರ್ ಸಾಹೇಬ್ರ ಹೆಸರು ಇಡೋದು ಅಂತ ತೀರ್ಮಾನ ಆಗಿದೆ. ಕೆಳಗಡೆ ಅವ್ರದ್ದೇ ಒಂದು ಮಾತು ಬೇಕು. ನೀವು ದಿನಾ ಬರ್ದಿಡ್ತೀರಂತಲ್ಲ? ಧೈರ್ಯ, ನಾಯಕತ್ವ, ಯುದ್ಧ, ಮೂರೂ ಬರಬೇಕು, ಒಂದೇ ಲೈನು. ಗೋಡೆ ಚಿಕ್ಕದು" ಎಂದರು.

ಮೇಜರ್ ಸಾಹೇಬರೆಂದರೆ ನನ್ನ ಮಾವನವರ ಅಣ್ಣ. ನನಗೆ ದೊಡ್ಡಮಾವ, ಕರೆಯುತ್ತಿದ್ದುದು ಬರೀ ಮಾವ ಎಂದು. ಹಿಮದ ಗಡಿಯಲ್ಲಿ ನೂರು ಚಿಲ್ಲರೆ ಜನರ ಒಂದು ಕಂಪನಿಗೆ ಕಮಾಂಡರಾಗಿದ್ದು, ನಿವೃತ್ತರಾಗಿ ನರಸೀಪುರದಲ್ಲಿ ಮನೆ ಮಾಡಿದ್ದರು. ನನ್ನ ಮದುವೆಯಾದ ಹೊಸತರಲ್ಲಿ ಯಜಮಾನರಿಗೆ ಅಲ್ಲಿಯೇ ನೀರಾವರಿ ಇಲಾಖೆಯಲ್ಲಿ ಕೆಲಸ. ಹಾಗಾಗಿ ಎರಡು ವರ್ಷ ಆ ಮನೆಯಲ್ಲಿದ್ದೆವು. ಆಮೇಲೆ ನಂಜನಗೂಡಿಗೆ ವರ್ಗವಾಗಿ ಇಲ್ಲೇ ಬೇರುಬಿಟ್ಟೆವು. ಈ ಮಾವ ತೀರಿಕೊಂಡ ಮೇಲೆ ಅವರ ಹೆಂಡತಿ ದೊಡ್ಡತ್ತೆ ನಮ್ಮ ಜೊತೆಗೇ ಇದ್ದಾರೆ. ಅವರಿಗೆ ಮಕ್ಕಳಿಲ್ಲ.

ಬರೆದಿಡುವುದು ನಿಜ. ಆದರೆ ಏನು ಬರೆದಿಡುತ್ತೇನೆ? ಮಾಡಿದ ಕೆಲಸ, ಉಂಡ ಊಟ, ರಾತ್ರಿ ಯಾರು ಮೊದಲು ಮಲಗಿದರು. ಕೊನೆಗೆ ಮಲಗುವವರು ಬಾಗಿಲ ಚಿಲಕ ನೋಡಬೇಕೆಂಬುದು ನಮ್ಮಮ್ಮನ ಕಟ್ಟಳೆ. ಬೆಳಗ್ಗೆ ಎದ್ದು ಜಗಳವಾಗದಿರಲೆಂದು ಅದನ್ನೂ ಬರೆಯುತ್ತೇನೆ. ಇಂಥ ಪುಸ್ತಕದಲ್ಲಿ ವೀರವಾಣಿ ಹುಡುಕುವುದೆಂದರೆ ಹಿಟ್ಟಿನ ಡಬ್ಬಿಯಲ್ಲಿ ಮೂಗುತಿ ಹುಡುಕಿದಂತೆ. ಆದರೂ ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆ. ಮೂಗುತಿ ಸಿಕ್ಕಿತು. ತೊಂದರೆಯೇನೆಂದರೆ, ಎರಡೆರಡು ಸಿಕ್ಕವು, ಒಂದಕ್ಕೊಂದು ಜೊತೆಯಿಲ್ಲದವು.

ಒಂದು ಕಡೆ: "ಹುರುಳಿಕಾಳಿನ ಬಸ್ಸಾರು. ಮಾವ ಹೇಳಿದರು, ಹೆದರಿಕೆಯೇ ಇಲ್ಲದವನ ಜೊತೆ ಯುದ್ಧಕ್ಕೆ ಹೋಗಬಾರದು, ತಾನೂ ಸಾಯ್ತಾನೆ, ಪಕ್ಕದವನನ್ನೂ ಸಾಯಿಸ್ತಾನೆ." ನಾಲ್ಕು ದಿನ ಬಿಟ್ಟು: "ಸೊಪ್ಪಿನ ಸಾರು, ಉಪ್ಪು ಜಾಸ್ತಿ. ಮಾವ ಹೇಳಿದರು, ಹೆದರಿದವನಿಗೆ ಸೈನ್ಯದಲ್ಲಿ ಜಾಗವಿಲ್ಲ." ಉಪ್ಪು ಜಾಸ್ತಿಯಾದದ್ದಕ್ಕೂ ಆ ಮಾತಿಗೂ ಸಂಬಂಧವಿತ್ತೋ ಏನೋ, ಈಗ ನೆನಪಿಲ್ಲ.

ಧೈರ್ಯದ ವಿಷಯಕ್ಕೆ ಬಂದರೆ ಇನ್ನೊಂದು ಹೇಳಲೇಬೇಕು. ಹೊಳೆಯಾಚೆ ದೊಡ್ಡತ್ತೆಯ ತಂಗಿಯ ಮನೆ. ತೆಪ್ಪದಲ್ಲಿ ಕೂತರೆ ಕಾಲು ಗಂಟೆ. ಮಾವ ತೆಪ್ಪ ಹತ್ತುತ್ತಿರಲಿಲ್ಲ. ಅತ್ತೆ ಬುಟ್ಟಿಯಂಥ ಆ ತೆಪ್ಪದಲ್ಲಿ ಕೋಳಿ, ಚೀಲ, ಪಕ್ಕದ ಮನೆಯ ಹೆಂಗಸರ ಜೊತೆ ಕುಲುಕಿಕೊಂಡು ದಾಟುವರು; ಮಾವ ಬಸ್ ಹಿಡಿದು ಸೇತುವೆ ಸುತ್ತಿ ಅರ್ಧ ದಿನ ಕಳೆದು ಬರುವರು. "ಗಡಿ ಕಾದೋರು ವೊಳೆ ದಾಟಾಕಿಲ್ಲ ಕಣಮ್ಮಿ!" ಎಂದು ಅತ್ತೆ ದಡದ ಮೇಲೆ ಕೂತು ನಗುವರು. "ಈಜು ಬರದೋನು ತೆಪ್ಪ ಹತ್ತೋದು ಧೈರ್ಯ ಅಲ್ಲ ಕಣವ್ವ, ತೆಪ್ಪದೋನಿಗೆ ಕೊಡೋ ತೊಂದರೆ" ಎಂದು ಮಾವ ನನಗೆ ಹೇಳುವರು. ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು. ನನ್ನ ಗೋಳು ಆಗಿನಿಂದಲೂ ಇದೇ.

ಯುದ್ಧದ ಬಗ್ಗೆ ಅವರು ಹೇಳಿದ ಒಂದು ಮಾತು ಚೆನ್ನಾಗಿತ್ತು. "ಯುದ್ಧ ಅಂದ್ರೆ ಮುಕ್ಕಾಲು ಪಾಲು ಕಾಯೋದು, ಮಿಕ್ಕಿದ್ದು ಅಕ್ಕಿಬೇಳೆ ಹೊರೋದು. ಗುಂಡು ಹಾರೋದು ಚಿಟಿಕೆ ಉಪ್ಪಿನಷ್ಟು. ಆದ್ರೆ ಜನ ನೆನಪಿಟ್ಕೊಳ್ಳೋದು ಉಪ್ಪನ್ನೇ." ಗೋಡೆಗೆ ಇದನ್ನು ಬರೆಸಿದರೆ ಗಣರಾಜ್ಯೋತ್ಸವಕ್ಕೆ ಬಂದ ಅತಿಥಿಗಳು ಅಡುಗೆ ಭಟ್ಟರ ಸ್ಟೇಜೆಂದು ತಿಳಿದಾರು.

ಯಜಮಾನರು, "ಇಷ್ಟಕ್ಕೆಲ್ಲ ತಲೆ ಯಾಕೆ ಕೆಡಿಸ್ಕೋತೀಯ? 'ಮುಂದೆ ನಡೆಯುವವನೇ ನಾಯಕ' ಅಂತ ಬರ್ಸು. ಆಗಸ್ಟ್ ಹದಿನೈದಕ್ಕೆ ಪ್ರತಿವರ್ಷ ಅದನ್ನೇ ಹೇಳ್ತಿದ್ರು" ಎಂದು ಡಬ್ಬಿ ಹಿಡಿದು ಹೊರಟರು. ಹೌದು, ಹೇಳುತ್ತಿದ್ದರು. ಚಪ್ಪಾಳೆಯೂ ಬೀಳುತ್ತಿತ್ತು. ಒಂದು ವರ್ಷ ಭಾಷಣ ಮುಗಿಸಿ ಬಂದು ಬೂಟು ಬಿಚ್ಚುವಾಗ ನನಗೆ ಹೇಳಿದ್ದು ಬೇರೆ. "ಮುಂದೆ ನಡೆಯೋನಿಗೆ ಹಿಂದೆ ಯಾರು ಬಿದ್ರು ಅಂತ ಗೊತ್ತಾಗಲ್ಲ ಕಣವ್ವ. ನಾಯಕ ಆದೋನು ಕೊನೆಗಿರಬೇಕು."

"ಮತ್ತೆ ಅಲ್ಲಿ ಹಾಗಂದ್ರಲ್ಲ ಮಾವ?"

"ಮಕ್ಕಳು ಬಿಸಿಲಲ್ಲಿ ನಿಂತಿದ್ರು. ಬೇಗ ಮುಗೀಲಿ ಅಂತ."

ಕೊನೆಗಿರುವುದನ್ನು ಅವರು ಬರೀ ಮಾತಿನಲ್ಲಿ ಬಿಟ್ಟವರಲ್ಲ. ದಿನಾ ಮಧ್ಯಾಹ್ನ ಆ ಮನೆಯಲ್ಲಿ ಒಂದು ಕದನ ನಡೆಯುತ್ತಿತ್ತು. ಸೈನ್ಯದಲ್ಲಿ ಎಲ್ಲರೂ ಉಂಡ ಮೇಲೆ ಅಧಿಕಾರಿ ಉಣ್ಣಬೇಕಂತೆ. ಮಾವ ಪಡಸಾಲೆಯ ಕುರ್ಚಿಯಲ್ಲಿ ಕೂತು, "ಎಲ್ಲರದೂ ಊಟ ಆಯ್ತಾ?" ಎಂದು ಕೂಗಿ ಕೇಳುವರು. ನಮ್ಮ ಕಡೆ ಮನೆಯ ಹೆಂಗಸು ಗಂಡ ಉಂಡ ಮೇಲೇ ತಟ್ಟೆಗೆ ಕೈಹಾಕುವುದು. ಅತ್ತೆ ಒಲೆಯ ಮುಂದೆ ಕೂತು, "ನೀವ್ ಉಣ್ಣಿ, ಆಮ್ಯಾಲೆ ನಾನು" ಎನ್ನುವರು. "ನೀನು ಮೊದಲು." "ಗಂಡಂಗಿಂತ ಮುಂಚೆ ಉಂಡ್ಳು ಅಂತ ಅನ್ನಿಸ್ಕಳಾಕಾ? ಆಗಾಕಿಲ್ಲ." ಯಜಮಾನರದೂ ನನ್ನದೂ ಮುಗಿದಿರುತ್ತಿತ್ತು. ತಟ್ಟೆಗಳ ಮೇಲೆ ಎರಡು ಮುದ್ದೆ ಆರಿ ಆರಿ ಗುಂಡುಕಲ್ಲಾಗುತ್ತಿದ್ದವು. ಆರಿದ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ರಾಗಿ ಉಂಡವರಿಗೆ ನಾನು ಹೇಳಬೇಕಾಗಿಲ್ಲ.

ಹೊಸ ಸೊಸೆ ನಾನು, ನೋಡಿ ನೋಡಿ ಸಾಕಾಗಿ, ಒಂದು ದಿನ ಒಂದು ಸುಳ್ಳು ಹೂಡಿದೆ. ಪಡಸಾಲೆಗೆ ಮಾವನ ತಟ್ಟೆ ಒಯ್ದು, "ಅತ್ತೇದು ಒಳಗೇ ಆಯ್ತು ಮಾವ" ಎಂದೆ. ಒಳಗೆ ಬಂದು, "ಮಾವ ಉಂಡು ಕೈ ತೊಳೀತಿದಾರೆ ಅತ್ತೆ" ಎಂದೆ. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಗೋಡೆಯ ಆಚೆ ಈಚೆ, ತಾನೇ ಕೊನೆಯೆಂಬ ತೃಪ್ತಿಯಿಂದ ಬಿಸಿ ಮುದ್ದೆ ಉಂಡರು. ಹೀಗೆ ಮೂರು ತಿಂಗಳು ನಡೆಯಿತು. ನನ್ನ ಜಾಣತನಕ್ಕೆ ನಾನೇ ಮರುಳಾಗಿದ್ದೆ.

ಒಂದು ಮಧ್ಯಾಹ್ನ ಮಳೆ ಹನಿಯಿತೆಂದು ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಮಾವನಿಗೆ ಮಜ್ಜಿಗೆ ಬೇಕಾಯಿತು. ಸಾರಿನ ಕೈಯಲ್ಲೇ ಎದ್ದು ಅಡುಗೆಮನೆಗೆ ಬಂದರೆ, ಉಂಡಾಗಿದ್ದ ಹೆಂಡತಿ ಮುದ್ದೆ ಮುರಿಯುತ್ತಿದ್ದಾರೆ. ನಾನು ಬಟ್ಟೆ ಹೊತ್ತು ಇಳಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದರು, ಆಮೇಲೆ ಇಬ್ಬರೂ ನನ್ನನ್ನು ನೋಡಿದರು. "ಕಳ್ಳಿ!" ಎಂದರು ಅತ್ತೆ. ಮಾವ ಬಿದ್ದು ಬಿದ್ದು ನಕ್ಕರು. "ಎರಡು ಕಡೆಯೋರೂ ಗೆದ್ವಿ ಅಂದ್ಕೊಂಡು ಮನೆಗೆ ಹೋದ ಯುದ್ಧ ನಾನು ನೋಡಿದ್ದು ಇದೊಂದೇ."

ಅಲ್ಲಿಗೇ ಮುಗಿದಿದ್ದರೆ ಗೋಡೆಗೆ ಅದನ್ನೇ ಬರೆಸಿಬಿಡುತ್ತಿದ್ದೆ. ಸಂಜೆ, ಅತ್ತೆ ಹಾಲಿಗೆಂದು ಹೋದಾಗ, ಮಾವ ನನ್ನನ್ನು ಹಿತ್ತಲಿಗೆ ಕರೆದರು. ಮಧ್ಯಾಹ್ನದ ನಗು ಮುಖದಲ್ಲಿ ಇರಲಿಲ್ಲ.

"ಅವಳು ಉಣ್ಣದೇ ಇದ್ರೂ ಉಂಡ್ರು ಅಂದ್ಯಲ್ಲ, ನಾನು ಹೆಂಗೆ ನಂಬಿದೆ ಹೇಳು?"

ಅವರೇ ಹೇಳಿದರು. ಹಿಮದ ಗಡಿಯಲ್ಲಿ ಅವರು ಕಮಾಂಡರಾದ ಹೊಸತು. ಕೆಳಗಿನಿಂದ ಬೆನ್ನ ಮೇಲೆ ಹೊತ್ತು ತರಬೇಕಾದ ಊಟ ಒಂದು ದಿನ ಅರ್ಧವೇ ಬಂತು. ಇವರಿಗೆ ತಿಳಿದಿರಲಿಲ್ಲ. ಬೇರೆ ಠಾಣೆಗೆ ಹೊರಡಬೇಕಿದ್ದ ಅವಸರ. ಅಡುಗೆಯವನು ಬಿಸಿಬಿಸಿ ಬಡಿಸಿದ, ಮೊದಲು ಉಂಡರು. ವಾಪಸು ಬಂದಾಗ, ತಮಗಿಂತ ಹತ್ತು ವರ್ಷ ದೊಡ್ಡವನಾದ ಒಬ್ಬ ಹವಾಲ್ದಾರ ಕಾವಲು ಮುಗಿಸಿ ಎದುರಾದ. ಊಟ ಆಯ್ತಾ ಎಂದು ಕೇಳಿದರು. "ಆಯ್ತು ಸಾಬ್" ಅಂದ. ಬೆಳಗಿನ ಜಾವ ಅವನನ್ನೇ ನಾಲ್ಕು ಜನರ ಜೊತೆ ಎದುರು ಗುಡ್ಡಕ್ಕೆ ಕಳಿಸಿದರು. ಅರ್ಧ ದಾರಿಯಲ್ಲಿ ಹಿಮದ ಮೇಲೆ ಕೂತ. ಕೂತವನು ಏಳಲಿಲ್ಲ. ಗುಂಡಿಲ್ಲ, ಶತ್ರುವಿಲ್ಲ. ಆಮೇಲೆ ಅಡುಗೆಯವನು ಅಳುತ್ತಾ ಹೇಳಿದನಂತೆ, ಅವನ ಪಾಲಿಗೆ ಹಿಂದಿನ ದಿನ ಏನೂ ಉಳಿದಿರಲಿಲ್ಲವೆಂದು.

"ಹಸಿದು ಉಂಡೆ ಅಂದೋನದು ಧೈರ್ಯಾನಾ? ನಂಬಿ ಕಳಿಸಿದ ನಂದು ನಾಯಕತ್ವಾನಾ? ಇವತ್ತಿಗೂ ತೀರ್ಮಾನ ಆಗಿಲ್ಲ ಕಣವ್ವ. ಪಾತ್ರೆ ಮುಚ್ಚಳ ಎತ್ತಿ ನೋಡಿದ್ರೆ ಆಗೋದು. ಎತ್ತಲಿಲ್ಲ." ಬಾಗಿಲ ಕಡೆ ಒಮ್ಮೆ ನೋಡಿ, "ನಿಮ್ಮತ್ತೆಗೆ ಹೇಳಬೇಡ. ಅನ್ನ ಇಳಿಯಲ್ಲ ಅವಳಿಗೆ" ಎಂದರು. ಹೇಳುವುದಿಲ್ಲವೆಂದೆ.

ಮರುದಿನದಿಂದ ಶುರುವಾಯಿತು. ಮಾವ ಊಟದ ಹೊತ್ತಿಗೆ ಅಡುಗೆಮನೆಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುವರು, ಅತ್ತೆಯ ಪಾಲು ಇದೆಯೆಂದು ಖಾತ್ರಿಯಾದ ಮೇಲೇ ಕುರ್ಚಿಗೆ ಮರಳುವರು. ಅತ್ತೆ ಇನ್ನು ಎದುರಾಡಲಿಲ್ಲ, ಮೊದಲು ಉಂಡುಬಿಡುವರು. ಕದನ ನಿಂತಿತು. ನಾನು ಒಳ್ಳೆಯದೇ ಆಯಿತೆಂದುಕೊಂಡೆ. ನಾವು ಊರು ಬಿಟ್ಟ ಮೇಲೂ, ಹಬ್ಬಕ್ಕೆ ಹೋದಾಗೆಲ್ಲ ನೋಡಿದ್ದೇನೆ, ಮಾವ ಸಾಯುವ ತನಕ ಮುಚ್ಚಳ ಎತ್ತಿದರು.

ಇವತ್ತು ಹನ್ನೊಂದು ಗಂಟೆಗೆ ಹೆಡ್ಮಾಸ್ತರರ ಫೋನು ಮತ್ತೆ ಬಂತು. ನಾಳೆ ಪೇಂಟರ್ ಬರುತ್ತಾನಂತೆ. ದೊಡ್ಡತ್ತೆ ನನ್ನೆದುರು ಕೂತು ನೆನೆದ ಅವರೆಕಾಳು ಹಿದುಕುತ್ತಿದ್ದರು. ಎಂಬತ್ತರ ಕೈ, ಒಂದು ಬೇಳೆಯೂ ಒಡೆಯುವುದಿಲ್ಲ. "ಏನಂತೆ?" ಅಂದರು. ಹೇಳಿದೆ.

"ಬರಿ ಮತ್ತೆ. ಮೇಜರ್ರು ದಿನಾ ಹೆಂಡ್ರ ಪಾತ್ರೆ ಮುಚ್ಚಳ ಎತ್ತಿ ನೋಡ್ತಿದ್ರು ಅಂತ."

ನಾನು ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. "ನಗ್‍ಬ್ಯಾಡ ಕಣಮ್ಮಿ. ನೀ ಸುಳ್ಳೇಳ್ದೆ, ನನ್ನ ಮ್ಯಾಲೆ ಅವ್ರಿಗೆ ನಂಬ್ಕೆ ಓಯ್ತು. ಇನ್ನೇನ್ ಬಚ್ಚಿಟ್ಟವಳೋ ಅಂತ ದಿನಾ ನೋಡೋರು. ಇಷ್ಟ್ ವರ್ಸ ಕಳ್ಳಿ ಅಂಗೆ ತಲೆ ಬಗ್ಗಿಸ್ಕೊಂಡು ಉಂಡಿವ್ನಿ."

ಅಷ್ಟೂ ವರ್ಷ ಅವರಿಬ್ಬರ ಮನೆಯಲ್ಲಿ, ಒಂದೇ ಮುಚ್ಚಳದ ಕೆಳಗೆ ಇಂಥದ್ದು ಬೇಯುತ್ತಿತ್ತು, ನಾನು ಊಟ ಏನೆಂದು ಬರೆದುಕೊಂಡಿದ್ದೆ! ಮಾತು ಕೊಟ್ಟಿದ್ದೇನಲ್ಲ ಎಂದು ಒಂದು ಮನಸ್ಸು. ಯಾರಿಗೆ ಅನ್ನ ಇಳಿಯಲೆಂದು ಮಾತು ಕೊಟ್ಟೆನೋ ಅವರಿಗೇ ಇಳಿದಿಲ್ಲವಲ್ಲ ಎಂದು ಇನ್ನೊಂದು. ಕಮಾಂಡರಿಗೆ ಕೊಟ್ಟ ಮಾತು ಮುರಿಯುವುದು ಧೈರ್ಯವೋ, ಹೇಡಿತನವೋ? ಕೇಳೋಣವೆಂದರೆ ಅವರೇ ಇಲ್ಲ. ಹೇಳಿಬಿಟ್ಟೆ. ಹಿಮ, ಹವಾಲ್ದಾರ, "ಆಯ್ತು ಸಾಬ್", ಎಲ್ಲವನ್ನೂ.

ಅತ್ತೆಯ ಬೆರಳು ನಿಂತವು. "ನಿಂಗೊತ್ತಿತ್ತಾ?"

"ನಿಮಗೆ ಹೇಳಬೇಡ ಅಂದಿದ್ರು ಅತ್ತೆ. ಹೇಳಿದ್ರೆ ಅನ್ನ ಇಳಿಯಲ್ಲ ಅಂತ."

"ಇಷ್ಟ್ ದಿನ ಏನ್ ಇಳೀತಿತ್ತಾ?"

ಅತ್ತೆ ಮತ್ತೆ ಕಾಳು ಹಿದುಕತೊಡಗಿದರು. ಒಂದೆರಡು ಬೇಳೆ ಒಡೆದವು. ಒಡೆದದ್ದನ್ನು ಬೇರೆಯಿಟ್ಟು, "ವೊಳೆ ದಾಟಾಕೆ ಎದ್ರ್ಕೊಳ್ಳೋರು. ಇದ್ನೊಂದ್ ನಂಗ್ ಯೋಳಾಕೂ ಎದ್ರ್ಕೊಂಡಿದ್ರು ನೋಡು" ಎಂದು ಸೆರಗಿನಿಂದ ಮೂಗೊರೆಸಿಕೊಂಡರು. ಬೈದರೋ, ಕನಿಕರಪಟ್ಟರೋ ತಿಳಿಯಲಿಲ್ಲ. ಏಳುವಾಗ ಅಂದರು: "ಅವ್ರು ಭಾಷಣ್ದಾಗೆ ಅಂದಿದ್ದೆಲ್ಲ ಬ್ಯಾಡ. ದಿನಾ ಕುರ್ಚಿ ಮ್ಯಾಲೆ ಕುಂತು ಕೂಗೋರಲ್ಲ, ಅದ್ ಬರ್ಸು."

ಹೆಡ್ಮಾಸ್ತರರಿಗೆ ಫೋನ್ ಮಾಡಿದೆ. "ಬರ್ಕೊಳ್ಳಿ ಸಾರ್: ಎಲ್ಲರದೂ ಊಟ ಆಯಿತೇ?"

"ನಂದಿನ್ನೂ ಇಲ್ಲ ಮೇಡಂ, ಬೆಲ್ ಆಗ್ಬೇಕು. ವಾಕ್ಯ ಹೇಳಿ."

"ಅದೇ ವಾಕ್ಯ."

"ಇದು ಧೈರ್ಯದ್ದಾ ಮೇಡಂ, ನಾಯಕತ್ವದ್ದಾ?"

"ಅವರಿಗೂ ತೀರ್ಮಾನ ಆಗಿರಲಿಲ್ಲ ಸಾರ್."

ಅವರು ಉಸಿರೆಳೆದು, "ಆಗ್ಲಿ ಬಿಡಿ. ಅಕ್ಷರ ಕಡಿಮೆ, ಪೇಂಟರ್‌ಗೂ ಅನುಕೂಲ" ಎಂದರು. ನಾಳೆ ಅಲ್ಲಿ ಅದನ್ನೇ ಬರೆಯುತ್ತಾರೋ, ಮುಂದೆ ನಡೆಯುವವನನ್ನು ಬರೆಯುತ್ತಾರೋ, ಹೋಗಿ ನೋಡಬೇಕು. ಅತ್ತೆಯೂ ಬರುತ್ತಾರಂತೆ.

ಉಂಡದ್ದು: ಮುದ್ದೆ, ಹಿದುಕಿದ ಅವರೆಯ ಸಾರು, ಒಂದು ಹಿಡಿ ಅನ್ನ. ಯಜಮಾನರು ಮೊದಲು ಉಂಡೆದ್ದರು. ಆಮೇಲೆ ಅತ್ತೆಗೆ ಬಡಿಸಿ, ಅವರದಾದ ಮೇಲೆ ನಾನು ಉಣ್ಣುವುದು ಈ ಮನೆಯ ರೂಢಿ. ಇವತ್ತು ಅತ್ತೆ ಕೂರಲಿಲ್ಲ. ಒಲೆಯ ಹತ್ತಿರ ಬಂದು, ಸಾರಿನ ಪಾತ್ರೆಯ ಮುಚ್ಚಳವನ್ನು ಸೆರಗಿನಲ್ಲಿ ಹಿಡಿದು ಎತ್ತಿದರು. ಆವಿ ಮುಖಕ್ಕೆ ಹೊಡೆಯಿತು. ಕಣ್ಣು ಕಿರಿದು ಮಾಡಿ ಒಳಗೆ ನೋಡಿದರು. "ಇಬ್ಬರ್ಗೂ ಅದೆ. ನೀನೂ ಕೂತ್ಕೊ" ಎಂದರು. ಜೊತೆಗೇ ಉಂಡೆವು. ಮುದ್ದೆ ಬಿಸಿಯಾಗಿತ್ತು. ಯಾರದು ಕೊನೆಗೆ ಮುಗಿಯಿತೋ ನೋಡಲಿಲ್ಲ.

ಮೊದಲು ಮಲಗಿದವರು ಯಜಮಾನರು, ಟಿ.ವಿ. ನೋಡುತ್ತಲೇ. ಎರಡನೆಯವಳು ಇನ್ನೇನು ನಾನು. ಅತ್ತೆ ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದಾರೆ. "ನೀ ಓಗಿ ಮಲಿಕ್ಕೊ. ಚಿಲ್ಕ ಇವತ್ತು ನಾ ನೋಡ್ತೀನಿ" ಅಂದರು.